ಫಟಫಟಿಗೆ ಒದೆಯುವವರು ಯಾರು

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಒಬ್ಬರ ಮನೆಯ ಒಗ್ಗರಣೆ ಸೀದರೆ ಹತ್ತು ಮನೆಗೆ ಗೊತ್ತಾಗುತ್ತಿತ್ತು, ಸಂಜೆಯೊಳಗೆ ಇಪ್ಪತ್ತು ಮನೆಯ ಬಾಯಲ್ಲಿ ಅದೇ ಮಾತು. ಅಂಥ ಓಣಿ ಒಂದೂವರೆ ವರ್ಷ ಒಂದು ಸಂಗತಿಯನ್ನು ಬಾಯೊಳಗೇ ಇಟ್ಟುಕೊಂಡು ಕೂತಿತ್ತು ಅಂದರೆ ಯಾರೂ ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ಆದದ್ದು ಮಾತ್ರ ಖರೆ. ಆ ಸಂಗತಿ ಫಿಟ್ಟರ್ ಸಿದ್ದಲಿಂಗಪ್ಪನ ಫಟಫಟಿಯದು. ಮೋಟರಸೈಕಲ್ಲಿಗೆ ಆಗ ಎಲ್ಲರೂ ಫಟಫಟಿ ಎಂದೇ ಅನ್ನುತ್ತಿದ್ದರು. ಎಲ್ಲರಿಗಿಂತ ಗಟ್ಟಿಯಾಗಿ ತುಟಿ ಬಿಗಿಹಿಡಿದು ಕೂತವಳು ಅವನ ಹೆಂಡತಿ ಗೌರಕ್ಕ.

ಮೊದಲು ಸಿದ್ದಲಿಂಗಪ್ಪ ಯಾರು ಎಂಬುದನ್ನು ಹೇಳಬೇಕು. ಹುಬ್ಬಳ್ಳಿಯ ಸುತ್ತ ಹತ್ತಿ ಬೆಳೆಯುವ ಎರೆಭೂಮಿ. ಬಿಡಿಸಿ ತಂದ ಹತ್ತಿಯಿಂದ ಕಾಳು ಬೇರೆ ಮಾಡುವ ಕಾರಖಾನೆಗೆ ಅಲ್ಲಿ ಜಿನ್ನು ಅನ್ನುತ್ತಾರೆ. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಎಲ್ಲಿ ಹೋದರೂ ಜಿನ್ನು. ಹಂಗಾಮು ನಾಲ್ಕೇ ತಿಂಗಳು. ಆ ನಾಲ್ಕು ತಿಂಗಳಲ್ಲಿ ಒಂದು ದಿನ ಯಂತ್ರ ನಿಂತಿತೋ, ಹೊರಗೆ ಹತ್ತಿ ಹೇರಿದ ಚಕ್ಕಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು, ಒಳಗೆ ಮಾಲಕ ತಲೆಗೆ ಕೈಹಚ್ಚಿ ಕೂಡುತ್ತಿದ್ದ. ಆಗ ಸಿದ್ದಲಿಂಗಪ್ಪ ಬೇಕು. ಅವನು ಬಂದವನೇ ನಟ್ಟು ಬಿಚ್ಚಲು ಪಾನಾ ಹಿಡಿಯುವ ಪೈಕಿ ಅಲ್ಲ. ಯಂತ್ರವನ್ನು ಒಂದು ಸಲ ತಿರುಗಿಸಲು ಹೇಳಿ, ಕಣ್ಣು ಮುಚ್ಚಿಕೊಂಡು ನಿಂತು ಕೇಳುತ್ತಿದ್ದ. ಆಮೇಲೆ, “ಮೂರನೇದರ ಬೇರಿಂಗ ಒಣಗೇತಿ, ಬಿಚ್ಚರಿ” ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದೇ ಒಣಗಿರುತ್ತಿತ್ತು. ಇಂಥ ಕಿವಿ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ.

ಅವನಲ್ಲಿ ಒಂದೇ ಒಂದು ದೋಷ. ಯಾರ ಹತ್ತಿರವೂ ಏನನ್ನೂ ಕೇಳುತ್ತಿರಲಿಲ್ಲ. “ಒಂದೀಟು ಹಿಡಿ” ಎನ್ನುವ ಎರಡು ಶಬ್ದ ಅವನ ನಾಲಿಗೆಗೆ ಮಣಭಾರ. ಉಣ್ಣುವಾಗ ಉಪ್ಪು ಸಾಲದಿದ್ದರೆ ತಾಟು ಬಿಟ್ಟು ಎದ್ದು ತಾನೇ ತಂದುಕೊಳ್ಳುತ್ತಿದ್ದ. ಮದುವೆಯಾದ ಹೊಸತರಲ್ಲಿ ಗೌರಕ್ಕ ಇದನ್ನು ಕಂಡು, ಎಂಥ ಛಲೋ ಗಂಡ ಸಿಕ್ಕ ಎಂದು ಹಿಗ್ಗಿದ್ದಳು. ನಾಲ್ಕು ವರ್ಷ ಸಂಸಾರ ಮಾಡಿದ ಮೇಲೆ ಅದು ಒಳ್ಳೆಯತನವಲ್ಲ, ಬರೇ ಸೊಕ್ಕು ಎಂದು ಅವಳಿಗೆ ಖಾತ್ರಿಯಾಯಿತು.

ಆ ಸೊಕ್ಕೇ ಅವನ ಕಾಲು ತಿಂದಿತು. ೧೯೫೭ರ ಹಂಗಾಮಿನಲ್ಲಿ ನವಲಗುಂದದ ಕಡೆಯ ಒಂದು ಜಿನ್ನಿನಲ್ಲಿ ಮೇಲಿನ ತೊಲೆಗೆ ಕೂಡಿಸಿದ್ದ ದೊಡ್ಡ ಕಬ್ಬಿಣದ ಗಾಲಿಯನ್ನು ಕೆಳಗಿಳಿಸಬೇಕಾಗಿತ್ತು. ಇಬ್ಬರು ಆಳು ಕಳಿಸುತ್ತೇನೆ ತಡಿ ಎಂದು ಮಾಲಕ ಹೇಳಿದ. “ಬ್ಯಾಡ್ರಿ, ನಾ ಒಬ್ಬನ ಸಾಕು” ಎಂದು ಇವನು ಹಗ್ಗ ಕಟ್ಟಿ ಒಬ್ಬನೇ ಇಳಿಸಹೋದ. ಹಗ್ಗ ಜಾರಿತು, ಗಾಲಿ ಬಂದು ಬಲ ಮೊಣಕಾಲಿನ ಮೇಲೆ ಕೂತಿತು. ಮೂರು ತಿಂಗಳು ಆಸ್ಪತ್ರೆ. ಕಾಲೇನೋ ಉಳಿಯಿತು, ಆದರೆ ಮೊಣಕಾಲು ಮತ್ತೆ ಮಡಚಲಿಲ್ಲ. ಮೈಯ ಭಾರ ಆ ಕಾಲಿನ ಮೇಲೆ ಬಿದ್ದರೆ ಸೊಂಟದಲ್ಲಿ ಕುಸಿದು ಕೂಡುತ್ತಿದ್ದ. ಕೋಲೂರಿಕೊಂಡು ಓಣಿಯ ತುದಿಯ ತನಕ ನಡೆಯುವುದೇ ದೊಡ್ಡದಾಯಿತು.

ಕೈ, ಕಣ್ಣು, ಕಿವಿ ಎಲ್ಲ ಮೊದಲಿನಂತೆಯೇ ಇದ್ದವು. ಜಿನ್ನಿನವರೂ ಅವನನ್ನು ಮರೆತಿರಲಿಲ್ಲ, ಬಾ ಎಂದು ಕರೆ ಕಳಿಸುತ್ತಿದ್ದರು. ಹೋಗುವುದು ಹೇಗೆ? ಸೈಕಲ್ಲು ತುಳಿಯಲು ಮೊಣಕಾಲು ಬೇಕು. ಒಮ್ಮೆ ಬಸ್ಸಿಗೆ ಹೋದ. ಮೆಟ್ಟಿಲು ಎತ್ತರ, ಕಾಲು ಏರಲೊಲ್ಲದು. ಹಿಂದೆ ನಿಂತವರು ತಡವಾಯಿತೆಂದು ಗೊಣಗಿದರು. ಕಂಡಕ್ಟರು ಕೆಳಗಿಳಿದು ಬಂದು ಎರಡೂ ಬಗಲಲ್ಲಿ ಕೈಹಾಕಿ, ಜೋಳದ ಚೀಲ ಎತ್ತಿದಂತೆ ಅವನನ್ನು ಎತ್ತಿ ಒಳಗೆ ಇಟ್ಟ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ಸಿದ್ದಲಿಂಗಪ್ಪ ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಗೆ ಬಂದ. ಮತ್ತೆ ಬಸ್ಸಿನ ಹೆಸರು ಎತ್ತಲಿಲ್ಲ.

ಗೌರಕ್ಕ ಠೇಸನ್ನಿನ ಹತ್ತಿರದ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ದಿನಕ್ಕೆ ನೂರು ಜೋಳದ ರೊಟ್ಟಿ. ಅವಳು ಕುಂದಗೋಳದ ಹತ್ತಿರದ ಹಳ್ಳಿಯವಳು, ಹುಡುಗಿಯಾಗಿದ್ದಾಗ ಹತ್ತಿಯ ಅಂಡಿಗೆ ತುಳಿದು ಬೆಳೆದವಳು. ಆಳೆತ್ತರದ ಚೀಲವನ್ನು ತೂಗಹಾಕಿ, ಅದರೊಳಗೆ ಇಳಿದು, ಮೇಲಿನಿಂದ ಸುರಿದ ಹತ್ತಿಯನ್ನು ತುಳಿದು ತುಳಿದು ಕಲ್ಲಿನಂತೆ ಗಟ್ಟಿ ಮಾಡುವ ಕೆಲಸ ಅದು. ಅಂಥವಳಿಗೆ ನೂರು ರೊಟ್ಟಿ ಏನು ಲೆಕ್ಕ. ಇಬ್ಬರ ಹೊಟ್ಟೆ ತುಂಬಿಸುವುದು ಅವಳಿಗೆ ಕಷ್ಟವಾಗಲಿಲ್ಲ. ಗಂಡ ಮೂಲೆಯಲ್ಲಿ ಕೂತು, ಅಷ್ಟು ದೊಡ್ಡ ಯಂತ್ರಗಳ ಸಪ್ಪಳ ಕೇಳಿದ ಕಿವಿಯಿಂದ ಅವಳ ರೊಟ್ಟಿಯ ಸಪ್ಪಳ ಎಣಿಸುತ್ತ, “ಇದು ಅರವತ್ತನಾಲ್ಕನೇದು” ಎಂದು ಹೇಳುತ್ತಿದ್ದನಲ್ಲ, ಅದನ್ನು ಕೇಳುವುದು ಕಷ್ಟವಾಯಿತು. ಈ ಮನುಷ್ಯ ಹೊಸ್ತಿಲು ದಾಟಿ ಮತ್ತೆ ಕೆಲಸಕ್ಕೆ ಹೋಗಬೇಕು, ಇಲ್ಲದಿದ್ದರೆ ಇಲ್ಲೇ ಕೂತು ಸಾಯುತ್ತಾನೆ ಎಂದು ಅವಳಿಗೆ ಅನಿಸುತ್ತಿತ್ತು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಹತ್ತಿ ವ್ಯಾಪಾರಿ ಮುರುಗೆಪ್ಪ ಸಾವಕಾರರು ಟಾಂಗಾ ಕಳಿಸಿ ಅವನನ್ನು ಕರೆಸಿಕೊಂಡರು. ಅವರ ಹುಬ್ಬಳ್ಳಿಯ ಗೋದಾಮಿನಲ್ಲಿ ಎಣ್ಣೆಯ ಎಂಜಿನ್ನು ಕೆಟ್ಟಿತ್ತು. ಎರಡು ದಿನದಲ್ಲಿ ಸಿದ್ದಲಿಂಗಪ್ಪ ಅದನ್ನು ನಡೆಸಿಕೊಟ್ಟ. ಕೂಲಿ ಕೊಡಲು ಸಾವಕಾರರು ಕಿಸೆಗೆ ಕೈಹಾಕಿದರೆ, ಇವನು ಹತ್ತಿಕಾಳಿನ ಚೀಲಗಳ ಹಿಂದೆ ಬೆರಳು ತೋರಿಸಿದ.

“ಅದನ್ನ ಕೊಡ್ರಿ.”

ಸಾವಕಾರರು ಬಗ್ಗಿ ನೋಡಿದರು. ಯುದ್ಧ ಮುಗಿದ ಮೇಲೆ ಬೆಳಗಾವಿಯ ಲಿಲಾವಿನಲ್ಲಿ ಅವರ ತಮ್ಮ ಕೊಂಡು ತಂದಿದ್ದ ಮಿಲಿಟರಿ ಫಟಫಟಿ ಅದು, ಬಿ.ಎಸ್.ಎ. ಎರಡು ವರ್ಷ ಓಡಿಸಿ ಬೇಸರಾಗಿ ಮೂಲೆಗೆ ತಳ್ಳಿದ್ದ. ಸೀಟನ್ನು ಇಲಿಗಳು ತಿಂದಿದ್ದವು. ಪೆಟ್ರೋಲಿನ ಟಾಕಿ ತೂತು ಬಿದ್ದಿತ್ತು. ಗಾಲಿಯ ಕಡ್ಡಿಗಳು ತುಕ್ಕು ಹಿಡಿದು ಹುಣಸೆಯ ಬಣ್ಣಕ್ಕೆ ತಿರುಗಿದ್ದವು.

“ಅಲ್ಲೋ ಮಾರಾಯ, ಅದು ಗಾಡಿ ಅಲ್ಲ, ಇಲಿ ಸಂಸಾರ” ಎಂದರು ಸಾವಕಾರರು.

“ಇಲಿ ನಿಮಗ ಇರ್ಲಿ. ಗಾಡಿ ನಂಗ ಕೊಡ್ರಿ.”

ಮರುದಿನ ಚಕ್ಕಡಿಯಲ್ಲಿ ಫಟಫಟಿ ಓಣಿಗೆ ಬಂತು. ಓಣಿ ಅಂದಮೇಲೆ ಕೇಳಬೇಕೆ, ಎಲ್ಲರೂ ಬಾಗಿಲಿಗೆ ಬಂದರು. ಎದುರು ಮನೆಯ ಶಿವಲಿಂಗವ್ವ ಸೊಂಟದ ಮೇಲೆ ಕೈಯಿಟ್ಟು ಗಾಡಿಯನ್ನು ಒಂದು ಸುತ್ತು ಹಾಕಿ ಬಂದು, ಬಲಗಡೆ ನಿಂತುಬಿಟ್ಟಳು. ಅವಳ ಮಗ ಮುಂಬೈಯಲ್ಲಿ ಪೊಲೀಸರ ಫಟಫಟಿ ಹೊಡೆಯುವವನು, ಅಷ್ಟು ತಿಳಿವಳಿಕೆ ಅವಳಿಗಿತ್ತು. ಗೌರಕ್ಕನ ಸೆರಗು ಹಿಡಿದು ಒಳಗೆ ಎಳೆದೊಯ್ದು ಪಿಸುಗುಟ್ಟಿದಳು.

“ಯವ್ವಾ ಗೌರಕ್ಕ, ಇದನ್ನ ಚಾಲೂ ಮಾಡಬೇಕಂದ್ರ ಬಲಗಾಲಿಲೆ ಜೋರಾಗಿ ಒದಿಬೇಕಲ್ಲ. ಇಂವಗ ಬಲಗಾಲ ಎಲ್ಲೈತಿ?”

ಗೌರಕ್ಕ ಬಾಗಿಲಿನಿಂದ ಹಣಿಕಿ ನೋಡಿದಳು. ಅಂಗಳದಲ್ಲಿ ಗಂಡ ಗಾಡಿಯ ಎಂಜಿನ್ನಿನ ಮೇಲೆ ಕೈಯಿಟ್ಟು, ಜ್ವರ ನೋಡುವ ಡಾಕ್ಟರನ ಹಾಗೆ ಕಣ್ಣು ಮುಚ್ಚಿ ಕೂತಿದ್ದ. ಹದಿನೈದು ತಿಂಗಳ ಮೇಲೆ ಅವನ ಮುಖದಲ್ಲಿ ಅವಳು ಜೀವ ಕಂಡದ್ದು ಅದೇ ಮೊದಲು.

“ಅವರ ಮುಂದ ಅನಬ್ಯಾಡ್ರಿ” ಎಂದಳು. “ನಿಮ್ಮ ಕಾಲಿಗೆ ಬೀಳ್ತೇನಿ, ಯಾರೂ ಅನಬ್ಯಾಡ್ರಿ.”

ಶಿವಲಿಂಗವ್ವ ಯಾರಿಗೂ ಅನ್ನಲಿಲ್ಲ ಅಂದರೆ ಸುಳ್ಳು. ಎಲ್ಲರಿಗೂ ಹೇಳಿದಳು, ಜೊತೆಗೆ ಅವನ ಮುಂದೆ ಅನಬೇಡಿ ಎಂದೂ ತಾಕೀತು ಮಾಡಿದಳು. ಹಾಗೆ ಇಡೀ ಓಣಿಗೆ ಗೊತ್ತಾಯಿತು, ಇಡೀ ಓಣಿ ಬಾಯಿ ಮುಚ್ಚಿಕೊಂಡಿತು. ಕಟ್ಟೆಯ ಮೇಲೆ ಕೂತು ಕೆಲಸ ನೋಡುವವರು ಗಾಲಿಯ ಬಗ್ಗೆ ಮಾತಾಡಿದರು, ಟಾಕಿಯ ಬಗ್ಗೆ ಮಾತಾಡಿದರು, ಬಲಗಡೆಯ ಆ ಒದೆಯುವ ಹಿಡಿಕೆಯ ಮೇಲೆ ಕಣ್ಣು ಬಿದ್ದರೆ ಆಕಾಶ ನೋಡಿ ಮಳೆಯ ಸುದ್ದಿ ತೆಗೆದರು. ಇಂಥ ಮರ್ಯಾದಸ್ಥ ಮೂರ್ಖರನ್ನು ನೀವು ಬೇರೆ ಊರಲ್ಲಿ ಕಾಣಲಾರಿರಿ.

ಸಿದ್ದಲಿಂಗಪ್ಪ ಗಾಡಿ ಬಿಚ್ಚಿದ. ಬಿಚ್ಚಿದ್ದನ್ನೆಲ್ಲ ಗೌರಕ್ಕನ ಹಳೇ ಸೀರೆಯೊಂದರ ಮೇಲೆ, ಬಿಚ್ಚಿದ ಕ್ರಮದಲ್ಲಿಯೇ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟ. ಒಂದೊಂದಕ್ಕೂ ಚಿಮಣಿ ಎಣ್ಣೆಯ ಸ್ನಾನ. ತುಕ್ಕಿಗೆ ಇಟ್ಟಂಗಿ ಪುಡಿ, ತೆಂಗಿನ ನಾರು ಮತ್ತು ದಿನಕ್ಕೆ ಹತ್ತು ತಾಸು. ಕೈಯಲ್ಲಿ ರೊಕ್ಕವಿಲ್ಲ, ಹೊಸ ಸಾಮಾನು ತರಿಸುವ ಮಾತೇ ಇಲ್ಲ. ಎಂಜಿನ್ನಿನ ಜೋಡಣೆಯ ನಡುವೆ ಇಡುವ ರಟ್ಟನ್ನು ಹಳೇ ಕ್ಯಾಲೆಂಡರಿನ ರಟ್ಟಿನಿಂದ ಕತ್ತರಿಸಿ ಅಗಸಿ ಎಣ್ಣೆಯಲ್ಲಿ ನೆನೆಹಾಕಿದ. ಕ್ಲಚ್ಚಿನ ತಟ್ಟೆಗಳಲ್ಲಿ ಬೂಚಿನ ತುಂಡುಗಳು ಸವೆದುಹೋಗಿದ್ದವು. ದವಾಖಾನೆಯ ಕಂಪೌಂಡರು ಔಷಧದ ಖಾಲಿ ಬಾಟಲಿ ಎಸೆಯುವ ಜಾಗದಿಂದ ಗೌರಕ್ಕ ಬೂಚುಗಳನ್ನು ಆರಿಸಿ ತಂದಳು, ಅವನು ಒಂದೊಂದನ್ನೂ ಅಳತೆಗೆ ಕೆತ್ತಿ ಕೂಡಿಸಿದ. ಅರವತ್ತು ಬೂಚು ಕೆತ್ತಲು ಒಂದು ತಿಂಗಳು ಹಿಡಿಯಿತು. ಸೀಟಿಗೆ ಜಿನ್ನಿನ ಕಸದ ಹತ್ತಿ ತುಂಬಿ ಮೇಲೆ ಹಳೇ ತೊಗಲು ಹೊಲಿದ.

ಮ್ಯಾಗ್ನೆಟ್ಟು ಅನ್ನುವ ಭಾಗ ಕಿಡಿ ಕೊಡುತ್ತದೆ, ಅದಿಲ್ಲದಿದ್ದರೆ ಎಂಜಿನ್ನು ಸತ್ತ ಹೆಣ. ಅದನ್ನು ರಿಪೇರಿ ಮಾಡುವ ಲಾಲಸಾಬ ಹಳೇ ಗೆಳೆಯ, ಮನೆಗೇ ಬಂದು ನೋಡಿದ.

“ಸಿದ್ಲಿಂಗಣ್ಣ, ಒಳಗ ಥಂಡಿ ಹೊಕ್ಕೈತಿ. ಹದಿನೈದು ದಿನ ಹಗೂರಕ ಕಾಸಬೇಕು. ಬೆಂಕಿ ಜಾಸ್ತಿ ಆದ್ರ ಸುಡತೈತಿ, ಕಡಿಮಿ ಆದ್ರ ಉಪಯೋಗಿಲ್ಲ.”

“ಅಂಥಾ ಬೆಂಕಿ ನಮ್ಮ ಮನ್ಯಾಗ ದಿನಾ ಐತಿ” ಎಂದ ಸಿದ್ದಲಿಂಗಪ್ಪ. ರೊಟ್ಟಿ ಮುಗಿದ ಮೇಲೆ ಉಳಿಯುವ ಕಾವಿನಲ್ಲಿ, ಒಲೆಯ ಗೋಡೆಗೆ ಆತು, ತಗಡಿನ ಡಬ್ಬಿಯಲ್ಲಿ ಮ್ಯಾಗ್ನೆಟ್ಟು ಹದಿನೈದು ದಿನ ಕೂತಿತು. ಗೌರಕ್ಕ ಹೊತ್ತು ಹೊತ್ತಿಗೆ ಡಬ್ಬಿ ಮುಟ್ಟಿ ನೋಡುತ್ತಿದ್ದಳು. ಹದಿನಾರನೆಯ ದಿನ ಲಾಲಸಾಬ ಅದನ್ನು ಕೈಯಿಂದ ತಿರುಗಿಸಿದರೆ ನೀಲಿ ಕಿಡಿ ಚಟ್ಟೆಂದಿತು. ಅವನು ಚಹಾ ಕುಡಿಯುತ್ತ ಒದೆಯುವ ಹಿಡಿಕೆಯ ಕಡೆ ನೋಡಿದ, ಬಾಯಿ ತೆರೆದ, ಗೌರಕ್ಕನ ಮುಖ ನೋಡಿ ಮತ್ತೆ ಬಸಿಯನ್ನೇ ಬಾಯಿಗೆ ಹಚ್ಚಿಕೊಂಡ.

ಸಿದ್ದಲಿಂಗಪ್ಪ ತನ್ನ ಕಾಲಿನ ಲೆಕ್ಕವನ್ನು ಮರೆತಿರಲಿಲ್ಲ. ಆ ಗಾಡಿಯ ಗೇರು ಬಲಗಾಲಿನದು. ಅದಕ್ಕೆ ಹಳೇ ಜಿನ್ನಿನ ಸರಳೊಂದನ್ನು ಬಗ್ಗಿಸಿ, ಗೇರನ್ನು ಟಾಕಿಯ ಪಕ್ಕಕ್ಕೆ ತಂದು ಕೈಯಿಂದ ಹಾಕುವಂತೆ ಮಾಡಿದ. ಬಲಗಾಲು ನೀಟಾಗಿ ಚಾಚಿಕೊಂಡು ಕೂಡಲು ಬರುವಂತೆ ಕಾಲಿಡುವ ಕಬ್ಬಿಣವನ್ನು ಒಂದು ಗೇಣು ಮುಂದಕ್ಕೆ ಸರಿಸಿದ. ಇಷ್ಟೆಲ್ಲ ಹೊಳೆದ ತಲೆಗೆ ಅದೊಂದು ಹೊಳೆದಿಲ್ಲವೇ ಎಂದು ಗೌರಕ್ಕ ರೊಟ್ಟಿ ಬಡಿಯುತ್ತ ಚಿಂತಿಸುತ್ತಿದ್ದಳು. ಗಾಡಿಯನ್ನು ಇಳಿಜಾರಿನಲ್ಲಿ ಬಿಟ್ಟು ಚಾಲೂ ಮಾಡಬಹುದು ಎಂದು ಯಾರೋ ಆಡಿದ್ದು ಅವಳ ಕಿವಿಗೆ ಬಿದ್ದಿತ್ತು. ಧಾರವಾಡವಾಗಿದ್ದರೆ ಮನೆಗೊಂದು ಏರು ಇಳುಕಲು ಸಿಗುತ್ತಿತ್ತು. ನವಲಗುಂದದ ಎರೆಭೂಮಿಯಲ್ಲಿ ಹತ್ತು ಮೈಲಿ ಹುಡುಕಿದರೂ ಇಳಿಜಾರು ಎಲ್ಲಿಂದ ತರಬೇಕು? ಅವನನ್ನೇ ಕೇಳಿಬಿಡಲೇ ಎಂದು ಎಷ್ಟೋ ಸಲ ಬಾಯಿಯ ತನಕ ಬಂದಿತು. ಕೇಳಿದರೆ ಪಾನಾ ಕೆಳಗಿಟ್ಟು ಮತ್ತೆ ಮೂಲೆ ಹಿಡಿದಾನು ಎಂಬ ಭಯ ಅವಳನ್ನು ತಡೆಯಿತು.

೧೯೬೦ರ ಹೋಳಿ ಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು, ಓಣಿಯ ಗೋಡೆಗಳ ಮೇಲೆ ಬಣ್ಣ ಇನ್ನೂ ಹಾಗೇ ಇತ್ತು. ಬೆಳಿಗ್ಗೆ ಗೌರಕ್ಕ ಮೂವತ್ತನೆಯ ರೊಟ್ಟಿ ಹೆಂಚಿಗೆ ಹಾಕಿದ್ದಳು. ಅಂಗಳದಲ್ಲಿ ಧಡ್ ಎಂದು ದೊಡ್ಡ ಸಪ್ಪಳವಾಯಿತು. ಕೈ ನಿಲ್ಲಿಸಿ ಕೇಳಿದಳು. ಕರೆದಾನು ಎಂದು ಕಾಯ್ದಳು. ಕರೆಯಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು, ಆದರೂ ಕರೆಯಲಿಲ್ಲ. ಎದ್ದು ಹೊರಗೆ ಓಡಿದಳು.

ಗಾಡಿ ಮಗ್ಗಲಾಗಿ ಬಿದ್ದಿತ್ತು, ಅದರ ಕೆಳಗೆ ಅವನ ಕುಂಟುಗಾಲು. ಎಡಗಾಲಿನಿಂದ ಒದೆಯಹೋಗಿ, ಬಲಗಾಲು ಭಾರ ತಡೆಯದೆ ಕುಸಿದು, ಗಾಡಿಯನ್ನೂ ಮೈಮೇಲೆ ಕೆಡವಿಕೊಂಡಿದ್ದ. ಅಲ್ಲಿ ಬಿದ್ದುಕೊಂಡು ಹಲ್ಲು ಕಚ್ಚಿ ಒಬ್ಬನೇ ಅದನ್ನು ಎತ್ತಲು ನೋಡುತ್ತಿದ್ದ. ಗೌರಕ್ಕನಿಗೆ ಮೊದಲು ಅಳು ಬಂತು, ಬೆನ್ನಿಗೇ ಸಿಟ್ಟು ಬಂತು, ಸಿಟ್ಟೇ ಗೆದ್ದಿತು. ಎರಡೂ ಕೈಹಾಕಿ ಗಾಡಿಯನ್ನು ಎತ್ತಿ ನಿಲ್ಲಿಸಿದಳು. ಅವನನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂಡಿಸಿದಳು. ಕಾಲಿಗೆ ಹೆಚ್ಚಿಗೆ ಪೆಟ್ಟಾಗಿರಲಿಲ್ಲ.

“ನಾ ಒಳಗ ಸತ್ತಿದ್ನೇನು? ಗೌರಾ ಅನ್ನಾಕ ಏನ ಧಾಡಿ ಆಗಿತ್ತು ನಿಮಗ?”

ಅವನು ನೆಲ ನೋಡುತ್ತ ಕಾಲಿನ ಧೂಳು ಒರೆಸಿಕೊಂಡ.

“ಒಂದೂವರಿ ವರ್ಷ ಆತು. ನಿಮಗೂ ಗೊತ್ತಿತ್ತು, ನಂಗೂ ಗೊತ್ತಿತ್ತು, ಓಣಿಗೆಲ್ಲಾ ಗೊತ್ತಿತ್ತು. ಎಲ್ಲಾರೂ ಬಾಯಾಗ ನೀರು ಹಾಕ್ಕೊಂಡು ಕುಂತೇವಿ. ಇರ್ಲಿ, ಈಗ ಹೇಳ್ರಿ, ಹೆಂಗ ಒದಿಬೇಕು ಇದನ್ನ?”

“ನೀನು?” ಎಂದ.

“ಅಂಡಗಿ ತುಳದ ಕಾಲು ಇದು. ಹೇಳ್ರಿ.”

ಹಿಡಿಕೆಯ ಮೇಲೆ ಬರಿಗಾಲು ಇಟ್ಟವಳಿಗೆ ಕಬ್ಬಿಣದ ತಂಪಿನ ಬದಲು ಏನೋ ಮೆತ್ತಗೆ ತಾಗಿತು. ಬಗ್ಗಿ ನೋಡಿದಳು. ಜಿನ್ನಿನ ಉರುಳೆಗೆ ಹಾಕುವ ದಪ್ಪ ತೊಗಲನ್ನು ಕತ್ತರಿಸಿ, ಹಿಡಿಕೆಗೆ ಅಚ್ಚುಕಟ್ಟಾಗಿ ಸುತ್ತಿ ಹೊಲಿದಿತ್ತು. ಸಿದ್ದಲಿಂಗಪ್ಪ ಬೂಟಿಲ್ಲದೆ ಗಾಡಿಯ ಹತ್ತಿರ ಹೋಗುವವನಲ್ಲ, ಅವನಿಗೆ ತೊಗಲಿನ ಮೆತ್ತೆ ಯಾಕೆ ಬೇಕು? ಮನೆಯಲ್ಲಿ ಬರಿಗಾಲಿನವಳು ಒಬ್ಬಳೇ.

“ಇದನ್ನ ಯಾವಾಗ ಹಚ್ಚೀರಿ?”

“ಶೀಗಿ ಹುಣ್ಣಿವಿಗೆ” ಎಂದ ಅವನು, ಇನ್ನೂ ನೆಲ ನೋಡುತ್ತ.

ಐದು ತಿಂಗಳು. ಐದು ತಿಂಗಳ ಹಿಂದೆಯೇ ಅವಳ ಕಾಲಿಗೆಂದು ಮೆತ್ತೆ ಹೊಲಿದು, ಒಂದು ಮಾತು ಕೇಳಲಾಗದೆ, ಕೊನೆಗೆ ಮೈಮೇಲೆ ಗಾಡಿ ಕೆಡವಿಕೊಂಡ ಮನುಷ್ಯ. ಗೌರಕ್ಕನಿಗೆ ಇವನನ್ನು ಹೊಡೆಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯಲಿಲ್ಲ. ಹಗಲುಹೊತ್ತು, ಎದುರಿಗೆ ಶಿವಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು, ಎರಡೂ ಮಾಡುವಂತಿರಲಿಲ್ಲ. ಸೀರೆಯ ಕಚ್ಚೆ ಬಿಗಿದಳು.

ಅವನು ಎದ್ದು ಬಂದು, ಎಡಗೈ ಹಿಡಿಕೆಯ ಕೆಳಗೆ ಎಂಜಿನ್ನಿನ ಬಿಗಿ ಸಡಿಲಿಸುವ ಚಿಕ್ಕ ಸರಳು ಹಿಡಿದು ಹೇಳಿಕೊಟ್ಟ. “ಹಗೂರಕ ಒತ್ತು. ಗಟ್ಟಿ ಬಂತಂದ್ರ ನಿಲ್ಲು. ನಾ ಬಿಗಿ ಸಡ್ಲ ಮಾಡ್ತೇನಿ, ಒಂದ ಚೂರು ಇಳಸು, ಕಾಲು ಮ್ಯಾಲ ತಗೋ. ಆಮ್ಯಾಲ ಒಂದ ದಮ್ಮಿನ್ಯಾಗ ತಳದ ಮಟಾ.”

ಎರಡು ಸಲ ಗಾಡಿ ಕೆಮ್ಮಿತು. ಮೂರನೆಯ ಸಲ ಅವಳಿಗೆ ಕಾಲಿನಡಿಯ ಗುಟ್ಟು ತಿಳಿಯಿತು. ಇದು ಒದೆಯುವುದಲ್ಲ, ತುಳಿಯುವುದು. ಅಂಡಿಗೆಯ ಹತ್ತಿಯೂ ಹೀಗೇ, ಮೊದಲು ಎದುರು ನಿಲ್ಲುತ್ತದೆ, ಆ ಎದುರನ್ನು ಹುಡುಕಿಕೊಂಡು ಅದರ ಮೇಲೇ ಮೈಯೆಲ್ಲ ಬಿಡಬೇಕು. ನಾಲ್ಕನೆಯ ಸಲ ಬಿಟ್ಟಳು. ಹತ್ತು ವರ್ಷ ಸತ್ತು ಬಿದ್ದಿದ್ದ ಎಂಜಿನ್ನು ಫಟ್ ಫಟ್ ಎಂದು ಎದ್ದಿತು, ಓಣಿಯ ಕಾಗೆಗಳೆಲ್ಲ ಹಾರಿದವು. ಸಿದ್ದಲಿಂಗಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಒಂದು ವಾರ ಅವನು ಓಣಿಯ ತುದಿಯಿಂದ ಕೆರೆಯ ದಂಡೆಯ ತನಕ ಓಡಿಸಿ ಕೈ ಕೂಡಿಸಿಕೊಂಡ. ದಿನಾ ಅವಳೇ ತುಳಿಯುತ್ತಿದ್ದಳು. ಎಂಟನೆಯ ದಿನ ಮುರುಗೆಪ್ಪ ಸಾವಕಾರರ ಆಳು ಬಂದ. ಅವರ ಕುಂದಗೋಳದ ಜಿನ್ನು ನಿಂತು ಮೂರು ದಿನವಾಗಿತ್ತು, ಇಬ್ಬರು ಫಿಟ್ಟರುಗಳು ಬಂದು ಕೈಚೆಲ್ಲಿ ಹೋಗಿದ್ದರು.

“ನಡಿ” ಎಂದ ಸಿದ್ದಲಿಂಗಪ್ಪ ಹೆಂಡತಿಗೆ. ಬರುತ್ತೀಯಾ ಎಂದಲ್ಲ, ನಡಿ. ಗೌರಕ್ಕ ಅದನ್ನು ಗಮನಿಸಿದಳು. ಅವತ್ತಿನ ರೊಟ್ಟಿಯನ್ನು ಶಿವಲಿಂಗವ್ವನಿಗೆ ಒಪ್ಪಿಸಿ, ಹತಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು.

ಹನ್ನೆರಡು ಮೈಲಿ. ಎರಡೂ ಕಡೆ ಒಡೆದ ಹತ್ತಿಯ ಬೆಳ್ಳಗಿನ ಹೊಲ. ಗಂಡನ ಬೆನ್ನು ಇಷ್ಟು ನೆಟ್ಟಗಿದ್ದದ್ದನ್ನು ಅವಳು ಮೂರು ವರ್ಷದಿಂದ ನೋಡಿರಲಿಲ್ಲ. ಎದುರಿಗೆ ಬಂದ ಬಸ್ಸೊಂದನ್ನು ಅವನು ಧೂಳಿನೊಳಗೆ ದಾಟಿ ಹೋದಾಗ, ಏನೋ ಅಂದ. ಗಾಳಿಯಲ್ಲಿ ಕೇಳಿಸಲಿಲ್ಲ, ಆದರೆ ನಕ್ಕದ್ದು ಬೆನ್ನಿನಿಂದಲೇ ಗೊತ್ತಾಯಿತು.

ಜಿನ್ನಿನಲ್ಲಿ ಅವನು ಮೊದಲಿನ ಹಾಗೆಯೇ ಮಾಡಿದ. ಯಂತ್ರ ತಿರುಗಿಸಲು ಹೇಳಿ ಕಣ್ಣು ಮುಚ್ಚಿ ನಿಂತ. ದೋಷ ಯಂತ್ರದಲ್ಲಿಲ್ಲ, ಅದು ಕೂತ ಅಡಿಪಾಯದ ಕಲ್ಲು ಒಂದು ಬೆರಳು ಕುಸಿದಿದೆ, ಅದಕ್ಕೇ ಯಂತ್ರ ತಿರುಗಿಸುವ ಪಟ್ಟಿ ಗಾಲಿಯ ಮೇಲೆ ನಿಲ್ಲಲೊಲ್ಲದು ಎಂದ. ಇಬ್ಬರು ಫಿಟ್ಟರುಗಳು ಯಂತ್ರವನ್ನು ಮೂರು ಸಲ ಬಿಚ್ಚಿ ಜೋಡಿಸಿದ್ದರು, ಕಲ್ಲಿನ ಕಡೆ ಯಾರೂ ನೋಡಿರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲ ಯಂತ್ರಗಳೂ ತಿರುಗಿದವು, ಹೊರಗೆ ಚಕ್ಕಡಿಗಳ ಸಾಲು ಸರಿಯತೊಡಗಿತು. ಹಂಗಾಮು ಮುಗಿಯುವ ತನಕ ವಾರಕ್ಕೆರಡು ಸಲ ಬಂದುಹೋಗಬೇಕು ಎಂದು ಸಾವಕಾರರು ಅಲ್ಲೇ ಹೇಳಿಬಿಟ್ಟರು. ಅಣ್ಣಿಗೇರಿಯವರಿಗೂ ತಿಳಿಸುತ್ತೇನೆ ಎಂದರು.

ಸಿದ್ದಲಿಂಗಪ್ಪ ಹೊರಗೆ ಬಂದು ಗಾಡಿಯ ಹತ್ತಿರ ನಿಂತ. ಸುತ್ತ ಆಳುಗಳು, ಚಕ್ಕಡಿಯವರು, ಇಪ್ಪತ್ತು ಮೂವತ್ತು ಜನ ಕೌತುಕದಿಂದ ನೆರೆದಿದ್ದರು. ಅವನು ಎಡಗೈಯಲ್ಲಿ ಸರಳು ಹಿಡಿದು ಗೌರಕ್ಕನ ಕಡೆ ನೋಡಿದ.

ಗೌರಕ್ಕ ಬೇವಿನ ಗಿಡದ ಕೆಳಗಿನ ಕಲ್ಲಿನ ಮೇಲೆ ಕೂತಿದ್ದಳು. ಏಳಲಿಲ್ಲ. ವಾರಕ್ಕೆರಡು ಸಲ ಕುಂದಗೋಳ, ಮತ್ತೆ ಅಣ್ಣಿಗೇರಿ, ನಾಳೆ ನವಲಗುಂದ. ಎಲ್ಲ ಕಡೆಗೂ ತಾನು ಹಿಂದೆ ಕೂತು ಹೋಗಲಾದೀತೆ? ತಾನು ಹೋಗದ ದಿನ ಈ ಮನುಷ್ಯ ಮತ್ತೆ ಒಬ್ಬನೇ ಒದೆಯಹೋಗಿ ಬೀಳುತ್ತಾನೆ, ಬಿದ್ದಲ್ಲಿ ಯಾರನ್ನೂ ಕರೆಯುವುದಿಲ್ಲ. ಅವನ ಹತ್ತಿರ ಹೋಗಿ ಮೆಲ್ಲಗೆ ಅಲ್ಲ, ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಾ ತುಳಿಯೂದಿಲ್ರಿ. ಇಲ್ಲಿ ಇಷ್ಟು ಮಂದಿ ಅದಾರ, ಯಾರನ್ನರೆ ಕೇಳ್ರಿ.”

ಅವನ ಮುಖ ಕಪ್ಪಿಟ್ಟಿತು. ಹಲ್ಲು ಕಚ್ಚಿ ಅವಳನ್ನೇ ದುರುಗುಟ್ಟಿ ನೋಡಿದ. ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬೇವಿನ ಗಿಡದ ತುದಿ ನೋಡಿದಳು. ಎದ್ದು ಹೋಗಿ ತುಳಿದುಬಿಡಬೇಕು ಎಂದು ಕಾಲು ತಾನೇ ಎಳೆಯುತ್ತಿತ್ತು. ಸೆಡವಿಗೆ ಬಿದ್ದು ಇವನು ಗಾಡಿ ಅಲ್ಲೇ ಬಿಟ್ಟು ಕುಂಟುತ್ತ ಹೊರಟರೆ ಎಲ್ಲ ಮುಗಿಯಿತು ಎಂಬುದೂ ಅವಳಿಗೆ ಗೊತ್ತಿತ್ತು. ಜನರಲ್ಲಿ ಯಾರೋ ಕೆಮ್ಮಿದರು.

ಕೊನೆಗೆ ಅವನು ತಲೆ ಎತ್ತಿದ. ಬಾಗಿಲ ಹತ್ತಿರ ಮೈತುಂಬ ಹತ್ತಿಯ ಎಳೆ ಅಂಟಿಸಿಕೊಂಡ ಒಬ್ಬ ಗಟ್ಟಿ ಆಳು ನಿಂತಿದ್ದ, ದುರಗಪ್ಪ ಎಂದು, ಅಂಡಿಗೆ ತುಳಿಯುವವನು.

“ಯಣ್ಣಾ” ಎಂದ ಸಿದ್ದಲಿಂಗಪ್ಪ. ದನಿ ಏರಿಸಿ ಮತ್ತೆ ಹೇಳಿದ. “ಯಣ್ಣಾ, ನನ್ನ ಕಾಲು ಬರೂದಿಲ್ಲ. ಒಂದೀಟು ತುಳದು ಕೊಡ್ತಿ ಏನು?”

ಅದಕ್ಕೇ ಕಾಯುತ್ತಿದ್ದರೋ ಎಂಬಂತೆ ಹತ್ತು ಜನ ಒಮ್ಮೆಲೇ ಮುಂದೆ ಬಂದರು. ದುರಗಪ್ಪ ಎಲ್ಲರನ್ನೂ ಮೊಣಕೈಯಿಂದ ಹಿಂದೆ ಸರಿಸಿ, “ನನಗ ಹೇಳ್ಯಾರ” ಎಂದು ಗತ್ತಿನಿಂದ ಕಾಲಿಟ್ಟ. ಸಿದ್ದಲಿಂಗಪ್ಪ ಅವನಿಗೆ ಹೇಳಿಕೊಟ್ಟ, ಹಗೂರಕ ಒತ್ತು, ಗಟ್ಟಿ ಬಂತಂದ್ರ ನಿಲ್ಲು. ಎರಡನೆಯ ಸಲಕ್ಕೇ ಗಾಡಿ ಎದ್ದಿತು. ಆ ರಾತ್ರಿ ಉಂಡವನೇ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ತಾನು ಮಾಡಿದ್ದು ತಪ್ಪೋ ಏನೋ ಎಂದು ಗೌರಕ್ಕ ನಿದ್ದೆಗೆಟ್ಟಳು.

ಮರುದಿನ ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ ಅವನು ಎದ್ದು, ಬೂಟು ಹಾಕಿಕೊಂಡು, ಚೀಲ ಹೆಗಲಿಗೇರಿಸಿ ಹೊರಗೆ ಹೋದ. ಅಣ್ಣಿಗೇರಿಗೆ ಹೊರಟಿದ್ದಾನೆ ಎಂದು ಅವಳಿಗೆ ತಿಳಿಯಿತು. ಕರೆದರೆ ಎದ್ದು ಹೋಗಿ ತುಳಿಯುತ್ತೇನೆ, ಇವತ್ತು ಹಟ ಬೇಡ ಎಂದು ಅವಳು ಕೈ ತೊಳೆದುಕೊಂಡೇ ಕೂತಳು. ಆಮೇಲೆ ಅವನ ದನಿ ಕೇಳಿತು, ಒಳಗಿನ ಅವಳಿಗಲ್ಲ, ಹೊರಗೆ ಓಣಿಗೆ.

“ಯಾರದೀರಿ ಮನ್ಯಾಗ? ಫಟಫಟಿ ತುಳ್ಯಾಕ ಒಬ್ಬರು ಬೇಕಾಗ್ಯಾರ, ಬರ್ರಿ.”

ಎದುರು ಮನೆಯ ಬಾಗಿಲು ತೆರೆಯಿತು. ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿದ್ದ ಓಣಿ ನಾನು ತಾನು ಎಂದು ಕೂಗುತ್ತ ಅಂಗಳಕ್ಕೆ ನುಗ್ಗಿತು, ಎಲ್ಲರ ಮೇಲೆ ಶಿವಲಿಂಗವ್ವನ ದನಿ, “ಸರಿರ್ಯೋ, ನನ್ನ ಮಗಾ ಪೊಲೀಸರ ಗಾಡಿ ಹೊಡಿತಾನ, ನನಗ ಗೊತ್ತೈತಿ.” ಗೌರಕ್ಕ ಎದ್ದು ನೋಡಲು ಹೋಗಲಿಲ್ಲ. ಕಣ್ಣು ಮಂಜಾಗಿ ಹೆಂಚು ಸರಿಯಾಗಿ ಕಾಣುತ್ತಿರಲಿಲ್ಲ. ಹಿಟ್ಟಿನ ಉಂಡೆ ಕೈಗೆ ತೆಗೆದುಕೊಂಡು ಮೊದಲನೆಯ ರೊಟ್ಟಿ ಬಡಿಯತೊಡಗಿದಳು, ಅವತ್ತು ಅದನ್ನು ಎಣಿಸುವವರು ಮನೆಯಲ್ಲಿ ಯಾರೂ ಇರಲಿಲ್ಲ.